ಬೀಗರ ಫೋಟೋ

ಮದುವೆ ಮನೆಗಳಲ್ಲಿ ಫೋಟೋ ತೆಗೆದು ಸಂಸಾರ ನಡೆಸುತ್ತಿದ್ದ ಅವನನ್ನು ದಿಕ್ಕಿಲ್ಲದ ಪ್ರಾಣಿಗಳ ಆಶ್ರಯಕ್ಕೆ ಎಳೆದು ತಂದವಳು ಅಕ್ಕ. ಅವಳು ಅಲ್ಲಿನ ಮೇಲ್ವಿಚಾರಕಿ. ಕೆಲಸದವರು ಮೊಬೈಲಿನಲ್ಲಿ ತೆಗೆದ ಫೋಟೋಗಳಲ್ಲಿ ನಾಯಿಗಳೆಲ್ಲ ಸಿಕ್ಕಿಬಿದ್ದ ಕಳ್ಳರ ಹಾಗೆ ಕಾಣುತ್ತವೆ, ಅಂಥವನ್ನು ಯಾರು ಸಾಕಲು ಒಯ್ಯುತ್ತಾರೆ ಎಂಬುದು ಅವಳ ತಕರಾರು. ಅವನು ಬಿಡುವಾದಾಗ ಬಂದು, ಜಾಲರಿಯ ನೆರಳು ಬೀಳದ ಕಡೆ ಅವುಗಳನ್ನು ಕೂರಿಸಿ, ತಾನು ಬೋರಲು ಮಲಗಿ ಫೋಟೋ ತೆಗೆಯತೊಡಗಿದ. ಮರಿಗಳು ಬೇಗ ಮನೆ ಸೇರಿದವು. ವಯಸ್ಸಾದವು ಉಳಿದವು.

ಹಾಗೆ ಉಳಿದವರಲ್ಲಿ ಬೀಗರೂ ಒಬ್ಬರು. ಮೂತಿ ನರೆತ ಆ ಕಂದು ನಾಯಿ, ಉಪಚಾರ ಸಾಲದ ಬೀಗರಂತೆ ಸದಾ ಮುಖ ಬಿಗಿದುಕೊಂಡು ಕೂತಿರುತ್ತಿತ್ತು. ಹೆಸರು ಬಂದದ್ದು ಅದರಿಂದಲೇ. ಬೀಗರು ಊಟ ಮುಟ್ಟಿಲ್ಲ, ಬೀಗರಿಗೆ ಯಾಕೋ ಕೋಪ ಎಂದು ಕೆಲಸದವರು ಬಹುವಚನದಲ್ಲೇ ಮಾತಾಡುತ್ತಿದ್ದರು. ಸಾಕಿದ್ದ ಮುದುಕ ತೀರಿಕೊಂಡ ಮೇಲೆ ಅವನ ಮಗಳು ತಂದು ಬಿಟ್ಟುಹೋಗಿದ್ದಳು.

ಕ್ಯಾಮೆರಾ ಎದುರು ಬೀಗರು ತಲೆಯೆತ್ತಲಿಲ್ಲ. ಬಿಸ್ಕತ್ತು, ಚೆಂಡು, ಸೀಟಿ, ಯಾವುದಕ್ಕೂ ಜಗ್ಗಲಿಲ್ಲ. ಅಷ್ಟರಲ್ಲಿ ಹೊರಗೆ ಹಳೆಯ ಸ್ಕೂಟರೊಂದು ಸದ್ದು ಮಾಡುತ್ತ ಹೋಯಿತು. ಬೀಗರು ದಡಕ್ಕನೆ ಎದ್ದರು. ಕಿವಿ ನಿಮಿರಿತು, ಕಣ್ಣು ತುಂಬ ಬೆಳಕು. ಅವನು ಕ್ಲಿಕ್ಕಿಸಿದ. ಅಷ್ಟು ಒಳ್ಳೆಯ ಫೋಟೋವನ್ನು ಅವನು ಯಾವ ಮದುಮಗಳಿಗೂ ತೆಗೆದುಕೊಟ್ಟಿರಲಿಲ್ಲ.

ಆಶ್ರಯದ ಫೇಸ್‌ಬುಕ್ ಪುಟದಲ್ಲಿ ಅದನ್ನು ಹಾಕಿದ್ದೇ ತಡ, ಜನ ಮುಗಿಬಿದ್ದು ಹಂಚಿದರು. ಒಬ್ಬ ಟೈಲರು ಹೆಂಡತಿಯೊಂದಿಗೆ ಬಂದು ಬೀಗರನ್ನು ಕರೆದೊಯ್ದ. ಅಂದು ಅಕ್ಕ ತಮ್ಮ ಇಬ್ಬರಿಗೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ತಿಂಗಳು ತುಂಬುವ ಮೊದಲೇ ಗಂಡ ಹೆಂಡತಿ ನಾಯಿಯೊಂದಿಗೆ ವಾಪಸ್ ಬಂದರು. ಟೈಲರು ಒಳ್ಳೆಯ ಮನುಷ್ಯ, ದೂರಲಿಲ್ಲ. ಹಗಲಿಡೀ ಗೇಟಿನ ಬಳಿಯೇ ಇರುತ್ತದೆ, ಸ್ಕೂಟರ್ ಕಂಡರೆ ಹಿಂದೆ ಓಡುತ್ತದೆ, ಮೊನ್ನೆ ಲಾರಿಯ ಕೆಳಗೆ ಸಿಗುವುದರಲ್ಲಿತ್ತು ಎಂದ.

“ಫೋಟೋದಲ್ಲಿ ನಮ್ಮನ್ನೇ ನೋಡ್ತಿದೆ ಅನ್ಕೊಂಡ್ವಿ,” ಎಂದಳು ಹೆಂಡತಿ. “ಮನೇಲಿ ಒಂದು ಸಲಾನೂ ನಮ್ಮ ಕಡೆ ಹಾಗೆ ನೋಡ್ಲಿಲ್ಲ.”

ಫೋಟೋ ತೆಗೆದವನು ಮುದುಕನ ಮಗಳಿಗೆ ಫೋನ್ ಮಾಡಿದ. ಅಪ್ಪ ಎಲ್ಲಿಗೆ ಹೋದರೂ ನಾಯಿಯನ್ನು ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡೇ ಹೋಗುತ್ತಿದ್ದರು ಎಂದಳು. ನೀವೇ ಇಟ್ಟುಕೊಳ್ಳುತ್ತೀರಾ ಎಂದು ಅವನು ಕೇಳುವ ಮೊದಲೇ ಫೋನ್ ಇಟ್ಟಳು.

ಇನ್ನೊಂದು ಫೋಟೋ ತೆಗಿ ಎಂದಳು ಅಕ್ಕ.

“ಅದೇ ಮುಖ ತೋರಿಸಿ ಮತ್ತೊಬ್ಬರ ಮನೆಗೆ ಕಳಿಸೋದು ನನ್ನ ಕೈಲಾಗಲ್ಲ ಕಣಕ್ಕ.”

“ಹಾಗಾದ್ರೆ ಈಗಿರೋ ಮುಖಾನೇ ತೆಗಿ.”

ತೆಗೆದ. ಯಾರೂ ಕೇಳಿಕೊಂಡು ಬರಲಿಲ್ಲ.

ತಾನೇ ಒಯ್ಯೋಣವೆಂದರೆ ಹೆಂಡತಿಗೆ ಉಬ್ಬಸ. ಅವನ ಅಂಗಿಗೆ ನಾಯಿಯ ಕೂದಲು ಅಂಟಿದ್ದರೂ ಸಾಕು, ಉಸಿರು ಕಟ್ಟುತ್ತಿತ್ತು. ಹೊಸ ನಾಯಿಗಳಿಗೆ ಜಾಗ ಬೇಕಾಗಿ ಬೀಗರನ್ನು ಹಿಂದಿನ ಸಾಲಿಗೆ ಹಾಕಿದರು. ನೋಡಲು ಬಂದವರು ಅಲ್ಲಿಯವರೆಗೆ ಹೋಗುವುದಿಲ್ಲ. ಅವನು ಕ್ಯಾಮೆರಾ ಬದಿಗಿಟ್ಟು ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಬೀಗರು ಬೆನ್ನು ನೇವರಿಸಲು ಬಿಡುತ್ತಿದ್ದರು, ಅಷ್ಟೇ. ಮುಖ ಗೋಡೆಯ ಕಡೆಗೇ. ಚಳಿ ಮುಗಿಯುವುದರೊಳಗೆ ತೀರಿಹೋದರು.

ಮೊದಲ ಫೋಟೋ ಮಾತ್ರ ಇನ್ನೂ ಊರೂರು ಸುತ್ತುತ್ತಿತ್ತು. ಈ ನಾಯಿ ಇನ್ನೂ ಅಲ್ಲೇ ಇದೆಯಾ ಎಂದು ಯಾರೋ ಕೇಳಿದ್ದರು. ಇಲ್ಲ ಎಂದಷ್ಟೇ ಅಕ್ಕ ಬರೆದಳು. ಕೆಳಗೆ ಸಾಲುಸಾಲಾಗಿ ಕೆಂಪು ಹೃದಯಗಳು ಬಂದವು. ಸದ್ಯ, ಒಂದು ಮನೆ ಸಿಕ್ಕಿತಲ್ಲ ಎಂದು ಒಬ್ಬರು ಬರೆದರು. ಅಕ್ಕ ಏನೋ ಉತ್ತರ ಬರೆಯಲು ಹೋದಳು, ಅಳಿಸಿದಳು, ಮತ್ತೆ ಬರೆದು ಅಳಿಸಿ ಮೊಬೈಲನ್ನು ತಮ್ಮನ ಕೈಗೆ ಕೊಟ್ಟಳು.