ಇಬ್ಬರಿಗೂ ಕಂಡ ಹಕ್ಕಿ

ನಮ್ಮ ಮನೆಯ ಹಕ್ಕಿ ಪುಸ್ತಕಕ್ಕೆ ಇರುವುದು ಒಂದೇ ನಿಯಮ: ಇಬ್ಬರಿಗೂ ಕಂಡರೆ ಮಾತ್ರ ಬರೆಯಬೇಕು. ಮದುವೆಯಾದ ಹೊಸದರಲ್ಲಿ ನನ್ನ ಯಜಮಾನರು ಮಾಡಿದ ನಿಯಮ. ಆಗ ನಾನು ಕೇಳಿ ಕರಗಿಹೋಗಿದ್ದೆ. ನಾನೊಬ್ಬಳೇ ಕಂಡದ್ದಕ್ಕೆ ಬೆಲೆಯಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅಡುಗೆಮನೆ ಕಿಟಕಿಯಿಂದ ಕಂಡದ್ದು, ಬಸ್ಸಿನಿಂದ ಕಂಡದ್ದು, ಅಮ್ಮನನ್ನು ಮಲಗಿಸಿದ್ದ ಆಸ್ಪತ್ರೆಯ ಅಂಗಳದಲ್ಲಿ ಕಂಡದ್ದು, ಎಲ್ಲಕ್ಕೂ ಒಂದೇ ಉತ್ತರ: "ನಿನ್ನ ಕಣ್ಣು ನಂಬ್ಕೊಂಡು ಬರೆಯೋಕಾಗುತ್ತಾ?" ಅವರು ಅಚ್ಚುಮನೆಯಲ್ಲಿ ಕರಡು ತಿದ್ದುವವರು. ಕೊಂಬು, ಒತ್ತು ಹುಡುಕಿ ಹುಡುಕಿ, ಲೋಕದಲ್ಲಿ ತಮ್ಮದೊಂದೇ ಕಣ್ಣು ಎಂಬ ಪೊಗರು. ಇಪ್ಪತ್ತಾರು ವರ್ಷ ಹಲ್ಲುಕಚ್ಚಿಕೊಂಡು ಸಹಿಸಿದ್ದೇನೆ.

ಪುಸ್ತಕದಲ್ಲಿ ನಾನೂರು ತುಂಬಲು ಒಂದೇ ಹಕ್ಕಿ ಬಾಕಿಯಿತ್ತು. ಅದಕ್ಕಾಗಿ ರಜೆ ಕೂಡಿಟ್ಟು ಈ ಸೆಖೆಯ ಕಾಡಿಗೆ ಬಂದೆವು. ಬೆಳಗ್ಗೆ ಆರಕ್ಕೇ ಬೆನ್ನು ತೊಯ್ದುಹೋಗುತ್ತದೆ. ನಾವು ಹುಡುಕಿ ಬಂದದ್ದು ಇಲ್ಲಿಯ ನೀಲಿ ನೆಲಹಕ್ಕಿ. ನಮ್ಮ ಗೈಡ್ ತೋರಿಸಿದ ಚಿತ್ರದಲ್ಲಿ ಎದೆ ತುಂಬ ನೀಲಿ.

ಬಂದ ದಿನವೇ ನನಗೆ ಅನುಮಾನ ಹುಟ್ಟಿತು. ಯಜಮಾನರು ಚಹಾವನ್ನು ಲೋಟದ ಪಕ್ಕಕ್ಕೆ ಸುರಿದರು. ಮೆಟ್ಟಿಲನ್ನು ಕಾಲಿನಿಂದ ತಡಕಿ ಇಳಿದರು.

"ಕಣ್ಣಿಗೆ ಏನಾದ್ರೂ ಆಗಿದ್ಯೇನ್ರೀ?"

"ಬೈನಾಕ್ಯುಲರ್‌ಗೆ ಹಬೆ ಹಿಡಿದಿದೆ, ಅಷ್ಟೆ."

ಬೈನಾಕ್ಯುಲರ್ ಆಗ ಕೊರಳಲ್ಲಿ ನೇತಾಡುತ್ತಿತ್ತು!

ಮರುದಿನ ಒಂದು ಕೆಟ್ಟ ಕೆಲಸ ಮಾಡಿದೆ. ಬರೀ ಕೊಂಬೆ ತೋರಿಸಿ, "ಅಲ್ನೋಡಿ, ಮರಕುಟಿಗ" ಎಂದೆ. "ನೋಡ್ದೆ, ನೋಡ್ದೆ" ಎಂದರು. ಕರಡು ತಿದ್ದುವವರಿಗೆ ಕಣ್ಣು ಹೋದರೆ ಅನ್ನ ಹೋದಂತೆ. ಅಚ್ಚುಮನೆಯವರಿಂದ ಮುಚ್ಚಿಡಲಿ, ಬೇಡವೆನ್ನುವುದಿಲ್ಲ. ನನ್ನಿಂದಲೂ ಯಾಕೆ? ಮಧ್ಯಾಹ್ನ ಫ್ಯಾನಿನಡಿ ಮಲಗಿದ್ದಾಗ ಮೆತ್ತಗೆ ಕೇಳಿದೆ: "ಕಾಣ್ತಿಲ್ಲ ಅಂತ ಒಂದ್ಮಾತು ಹೇಳಿಬಿಡಿ. ಉಳಿದಿದ್ದು ನಾನು ನೋಡ್ಕೋತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ?" ಎಂದು ಗೋಡೆಯ ಕಡೆ ಮಗ್ಗುಲಾದರು.

ಆ ಬೆನ್ನನ್ನು ನೋಡುತ್ತಾ ಮಲಗಿದೆ. ಅಳು ಬರಲಿಲ್ಲ, ಸಿಟ್ಟು ಬಂತು.

ಮೂರನೆಯ ದಿನ ಗೈಡ್ ಬೆರಳೆತ್ತಿದ. ಹತ್ತು ಹೆಜ್ಜೆ ದೂರದಲ್ಲಿ, ಒಣಗಿದೆಲೆಗಳ ಮೇಲೆ, ಒಣಗಿದೆಲೆಯದೇ ಬಣ್ಣದ ಹಕ್ಕಿ. ಕಣ್ಣಿನ ಮೇಲೊಂದು ಬಿಳಿ ಗೆರೆ. "ಹೆಣ್ಣು, ಅಮ್ಮಾ. ಇದ್ರಲ್ಲಿ ನೀಲಿ ಇರಲ್ಲ" ಎಂದು ಗೈಡ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದ. ಕೊಕ್ಕಿನಿಂದ ಒಂದು ಎಲೆ ಮಗುಚಿತು, ಹುಳು ನುಂಗಿತು, ನನ್ನನ್ನೇ ಒಮ್ಮೆ ನೋಡಿತು. ಆಮೇಲೆ ಪೊದೆಯೊಳಕ್ಕೆ ಕುಪ್ಪಳಿಸಿ ಹೋಯಿತು.

"ಕಂಡೆ!" ಎಂದರು ಯಜಮಾನರು. ಅವರ ಮುಖ ಬೇರೊಂದು ಮರದ ಕಡೆಗಿತ್ತು. "ಎಂಥಾ ನೀಲಿ ಕಣೇ! ಎದೆ ನೋಡಿದ್ಯಾ?"

ಗೈಡ್ ತಲೆ ತಗ್ಗಿಸಿ ಶೂ ಲೇಸು ಕಟ್ಟತೊಡಗಿದ. ಕಟ್ಟಿದ್ದ ಲೇಸು.

ಯಜಮಾನರು ಪುಸ್ತಕ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ನಾನೂರು! ನಿಂಗೂ ಕಾಣ್ತು ತಾನೆ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಎಷ್ಟು ವರ್ಷದಿಂದ ಹೂಂ ಎನ್ನುತ್ತಾ ಬಂದಿದ್ದೇನೆ.

"ಇಲ್ಲ, ನಂಗೆ ಕಾಣ್ಲಿಲ್ಲ."

ಗೈಡ್ ತಟ್ಟನೆ ತಲೆಯೆತ್ತಿದ. ಕಣ್ಣಲ್ಲೇ ಗದರಿಸಿದೆ, ಮತ್ತೆ ಲೇಸಿಗೆ ಕೈಹಾಕಿದ.

"ಅಷ್ಟು ಹತ್ರ ಇತ್ತಲ್ಲೇ! ಕಣ್ಣು ತೋರಿಸ್ಕೋ ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

"ತೋರಿಸ್ಕೋತೀನಿ. ಜೊತೆಗೆ ನೀವೂ ಬನ್ನಿ."

ಅವರ ಮುಖ ಕೆಂಪಾಯಿತು. ಬಿರಬಿರನೆ ಮುಂದೆ ನಡೆದರು, ನಾಲ್ಕು ಹೆಜ್ಜೆಗೇ ಬೇರು ಎಡವಿ ಮಂಡಿಯೂರಿದರು. ಪುಸ್ತಕ ಕೈಜಾರಿ ಬಿತ್ತು. ಅವರ ಬಲಗೈಯಿಂದ ಒಂದು ಗೇಣು ಆಚೆ ಬಿದ್ದಿತ್ತು. ಅವರು ಎಡಗಡೆ ತಡಕಿದರು, ಮುಂದೆ ತಡಕಿದರು, ಎಲೆಗಳನ್ನೆಲ್ಲ ಕೆದಕಿದರು. ಎತ್ತಿಕೊಡಲು ಬಗ್ಗಿದ ಗೈಡಿನ ತೋಳು ಹಿಡಿದು ನಿಲ್ಲಿಸಿದೆ. ಎಲ್ಲಿದೆ ಎಂದು ಕೇಳಲಿ ಎಂದು ಕಾದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.