ತಂತಿಯ ಮೇಲಿನ ಚಿಂದಿ

ಗುಜರಿಯಿಂದ ತಂದ ಬೀರು ಮೂರು ವಾರದಿಂದ ನಡುಮನೆಯಲ್ಲಿ ನಿಂತಿತ್ತು. ಹಳೆಯ ಹಸಿರು ಬಣ್ಣ ಕೆರೆದು, ಹುಳು ತಿಂದ ಕಾಲಿಗೆ ತುಂಡು ಕೂಡಿಸಿ, ಹೊರಮೈಗೆ ಬಿಳಿ ಬಣ್ಣ ಹೊಡೆದಿದ್ದೆ. ಒಳಗಿನ ಮರ ಚೆನ್ನಾಗಿತ್ತು, ಅದಕ್ಕೆ ಬರೀ ಅಗಸೆ ಎಣ್ಣೆ ಸಾಕೆನಿಸಿತು. ಬೆಳಿಗ್ಗೆ ಬೇಗನೆದ್ದು ಉಜ್ಜಿದೆ. ಎಣ್ಣೆ ಕುಡಿದ ಚಿಂದಿಗಳನ್ನು ಹಿತ್ತಲ ತಂತಿಯ ಮೇಲೆ ಒಂದಕ್ಕೊಂದು ತಾಗದಂತೆ ಹರವಿದೆ.

ಈ ಚಿಂದಿ ಕಂಡರೆ ನನ್ನ ಸೊಸೆಗೆ ಆಗದು. ಅಚ್ಚುಕಟ್ಟಿನ ಹೆಣ್ಣು. “ಊರವರು ಎಸೆದದ್ದೆಲ್ಲ ನಮ್ಮನೆಗೇ ಬರುತ್ತೆ. ನಾನು ಹಳಬಳಾದ್ಮೇಲೆ ನನಗೂ ಉಜ್ಜಿ ಒಂದು ಕೋಟು ಹೊಡೀರಿ ಅತ್ತೆ” ಎಂದು ನಗುತ್ತಿದ್ದಳು. ಚಿಂದಿಯನ್ನು ಹೀಗೇಕೆ ಒಣಹಾಕುತ್ತೀರಿ ಎಂದು ಒಮ್ಮೆ ಕೇಳಿದ್ದಳು. ನಮ್ಮಪ್ಪನ ಪದ್ಧತಿ ಎಂದಷ್ಟೇ ಹೇಳಿ ಮಾತು ತಿರುಗಿಸಿದ್ದೆ.

ಸೊಸೆ ಹತ್ತಕ್ಕೆ ಹೊಲಿಗೆ ಕಾರ್ಖಾನೆಗೆ ಹೋದಳು. ಮಧ್ಯಾಹ್ನ ನಾನು ಬೀರುವಿನ ಹಿಡಿಕೆ ತರಲು ಅಂಗಡಿಗೆ ಹೋದೆ. ರಾತ್ರಿ ಪಾಳಿ ಮುಗಿಸಿದ ಮಗ ತನ್ನ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ. ಮೂರು ವರ್ಷದ ಮೊಮ್ಮಗಳು ಒಳಕೋಣೆಯ ಪೆಟ್ಟಿಗೆ ಮಂಚದ ಮೇಲೆ ಮಲಗಿತ್ತು. ಆ ಮಂಚವೂ ನಾನೇ ದುರಸ್ತಿ ಮಾಡಿದ್ದು. ಅದರಡಿಯಲ್ಲಿ ಹೊರಕ್ಕೆಳೆಯುವ ದೊಡ್ಡ ಡ್ರಾಯರು.

ತಿರುಗಿ ಬಂದು ಹಿತ್ತಲಿಗೆ ಹೋದರೆ ತಂತಿ ಬೋಳಾಗಿತ್ತು. ಸೊಸೆ ಕೆಲಸಕ್ಕೆ ಹೋಗುವ ಮುಂಚೆಯೇ ಚಿಂದಿಗಳನ್ನು ತೆಗೆದು, ಕ್ಲಿಪ್ಪುಗಳನ್ನು ಒಂದು ಕೊನೆಗೆ ಸಾಲಾಗಿ ಸಿಕ್ಕಿಸಿದ್ದಳು.

ಕಸದ ಡಬ್ಬಿ ನೋಡಿದೆ, ಬಚ್ಚಲ ಬಕೆಟ್ಟು ನೋಡಿದೆ. ಕಾರ್ಖಾನೆಯಲ್ಲಿ ಫೋನುಗಳನ್ನು ಬಾಗಿಲಲ್ಲೇ ಇಸಿದುಕೊಳ್ಳುತ್ತಾರೆ. ಸೊಸೆಯ ಫೋನು ಬಡಿದುಕೊಂಡು ಸುಮ್ಮನಾಯಿತು. ಮಗನನ್ನು ಅಲುಗಿಸಿದರೆ, ಆ ಚಿಂದಿ ಯಾರು ಕದೀತಾರಮ್ಮ ಎಂದು ಮಗ್ಗುಲಾದ.

ಆಗ ವಾಸನೆ ಬಂತು. ಹೊಗೆಯಲ್ಲ. ಬಾಣಲೆಯಲ್ಲಿ ಎಣ್ಣೆ ಹೊತ್ತುವುದಕ್ಕೆ ಮುಂಚೆ ಬರುತ್ತದಲ್ಲ, ಹಾಗೆ. ಒಳಕೋಣೆಯಿಂದ.

ಮಗು ಬೋರಲಾಗಿ ಮಲಗಿತ್ತು. ಮರವನ್ನು ಅಂಗೈಯಲ್ಲಿ ನೋಡುವುದು ಅಪ್ಪ ಕಲಿಸಿದ್ದು. ಮಂಚದ ಹಲಗೆಯ ಮೇಲೆ ಕೈ ಸವರಿಕೊಂಡು ಹೋದೆ. ತಣ್ಣಗೆ, ತಣ್ಣಗೆ. ಮಗುವಿನ ಕಾಲ ಹತ್ತಿರ ಬೆಚ್ಚಗೆ. ಮಗುವಿನ ಮೈ ಬಿಸಿಯೇ ಇರಬಹುದೆಂದುಕೊಂಡೆ. ಬಗ್ಗಿ ಡ್ರಾಯರಿನ ಮುಖ ಮುಟ್ಟಿದೆ. ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು.

ಡ್ರಾಯರು ಎಳೆದರೆ ಗಾಳಿ ಹೊಕ್ಕು ಭಗ್ ಎನ್ನುತ್ತದೆ. ಮೊದಲು ಮಗುವನ್ನು ಬಾಚಿಕೊಂಡೆ. ಮಗನ ಹೊದಿಕೆ ಕಿತ್ತು, ಮಗುವನ್ನು ಅವನ ಎದೆಯ ಮೇಲೆ ಹಾಕಿದೆ.

“ಏಳು. ಇವಳನ್ನ ಎತ್ಕೊಂಡು ಬೀದಿಗೆ ಹೋಗು. ಏನೂ ಕೇಳಬೇಡ.”

ನನ್ನ ಮುಖ ನೋಡಿ ಹೋದ.

ಗೋಣಿಚೀಲ ನೆನೆಸಿ ಹೊದ್ದು, ಡ್ರಾಯರು ಎಳೆದೆ. ಮಡಿಸಿದ ಹೊದಿಕೆಗಳ ನಡುವೆ ಒಂದು ಬಟ್ಟೆ ಚೀಲ. ಅದರೊಳಗೆ ಕರವಸ್ತ್ರದಂತೆ ಮಡಿಸಿಟ್ಟ ನನ್ನ ಚಿಂದಿಗಳು. ಚೀಲದ ತಳ ಕಪ್ಪಾಗಿತ್ತು. ಗೋಣಿಯಲ್ಲಿ ಸುತ್ತಿ ಹಿತ್ತಲಿಗೆ ಓಡುವಾಗ ಕೈಯಲ್ಲೇ ಉರಿ ಎದ್ದಿತು. ನೀರಿನ ತೊಟ್ಟಿಗೆ ಎಸೆದೆ.

ಸಂಜೆ ಸೊಸೆ ಮೆಟ್ಟಿಲ ಮೇಲೆ ಮಗುವನ್ನು ತೊಡೆಯಲ್ಲಿಟ್ಟುಕೊಂಡು ಅತ್ತಳು. ನಿಮಗೇ ಬೇಕಾಗುತ್ತೆ ಅಂತ ಜೋಪಾನವಾಗಿ ಎತ್ತಿಟ್ಟೆ, ಬೆಂಕಿ ತಾಕಿಸದೆ ಬಟ್ಟೆ ಉರಿಯುತ್ತೆಂದು ಯಾರಿಗೆ ಗೊತ್ತು, ತಪ್ಪೆಲ್ಲ ನಂದೇ ಎಂದಳು. ಹೌದೆನ್ನಬಹುದಿತ್ತು. ಅರವತ್ತು ವರ್ಷ ಹಾಗೇ ಕಳೆದಿದ್ದೆ.

ಪಕ್ಕದಲ್ಲಿ ಕುಳಿತು ಹೇಳಿದೆ. ಒಂಬತ್ತು ವರ್ಷದವಳಿದ್ದಾಗ, ಅಪ್ಪ ಶಭಾಷ್ ಅನ್ನಲಿ ಎಂದು ಅವನ ಎಣ್ಣೆ ಚಿಂದಿಗಳನ್ನು ಮಡಿಸಿ ಬುಟ್ಟಿಗೆ ತುಂಬಿದ್ದೆ. ಮಡಿಕೆಯೊಳಗೆ ಎಣ್ಣೆ ತಾನೇ ಕಾದು ಹೊತ್ತಿಕೊಂಡಿತು. ಕೆಲಸದ ಕೊಟ್ಟಿಗೆ ಸುಟ್ಟಿತು, ಅಪ್ಪನ ಎರಡೂ ಕೈ ಸುಟ್ಟವು. ಅಪ್ಪನ ಕೈಕೆಳಗಿದ್ದ ಬಡಗಿಯ ಬೀಡಿಯಿಂದಲೇ ಆದದ್ದೆಂದು ಎಲ್ಲರೂ ಅವನನ್ನು ಓಡಿಸಿದರು. ತಾನು ಸೇದಿಲ್ಲ ಎನ್ನುತ್ತಲೇ ಅವನು ಉಳಿಯ ಚೀಲ ಹೊತ್ತು ಹೋದ. ನಾನು ಅಮ್ಮನ ಸೆರಗಿನ ಹಿಂದೆ ನಿಂತಿದ್ದೆ. ಯಾಕೆ ಹರವಬೇಕು ಎಂದು ಹೇಳಿದರೆ, ಯಾರು ಮಡಿಸಿದರು ಎಂದು ಕೇಳುತ್ತಾರೆ. ಅದಕ್ಕೇ ಹೇಳಿರಲಿಲ್ಲ.

ಸೊಸೆಯ ಅಳು ನಿಂತಿತು.

“ನಿಮಗೆ ಗೊತ್ತಿತ್ತು” ಎಂದಳು.

ಮಗುವನ್ನು ನನ್ನ ಕಡೆಯಿಂದ ಆಚೆಯ ತೊಡೆಗೆ ಸರಿಸಿಕೊಂಡಳು.