ವ್ಯಾನಿನಲ್ಲಿ ಹಾಲು ಉಕ್ಕಿಸಿದ ದಿನ

ಗಿರಿಜಾದೇವಿಯವರ ಅಡುಗೆಮನೆಗೆ ಈಗ ನಾಲ್ಕು ಚಕ್ರ. ಬಸವೇಶ್ವರನಗರದ ಹಳೇ ಮನೆಯನ್ನು ಕೆಡವಿ ಹೊಸದು ಕಟ್ಟಲು ಕೊಟ್ಟಿದ್ದಾರೆ. ಹತ್ತು ತಿಂಗಳು ಸಾಕು ಎಂದಿದ್ದಾನೆ ಮೇಸ್ತ್ರಿ. ಮೇಸ್ತ್ರಿ ಹತ್ತು ಎಂದರೆ ನಾವು ಹದಿನೈದು ಎಂದು ತಿಳಿದುಕೊಳ್ಳಬೇಕು. ಅಷ್ಟು ದಿನ ಬಾಡಿಗೆ ಮನೆ ಯಾಕೆ, ವ್ಯಾನಿನಲ್ಲೇ ಇದ್ದು ನಾಡು ಸುತ್ತೋಣ ಎಂದವರು ಯಜಮಾನರು ಸೋಮಲಿಂಗಪ್ಪ. ನಿವೃತ್ತ ಇಂಜಿನಿಯರು, ಊರೂರಿಗೆ ಸೇತುವೆ ಕಟ್ಟಿಸಿದವರು. ಅವರ ಜೊತೆ ವಾದ ಮಾಡಿ ಗೆದ್ದವರು ಮನೆಯಲ್ಲಿ ಯಾರೂ ಇಲ್ಲ. ಗೆಲ್ಲುವಷ್ಟು ತಾಳ್ಮೆ ಯಾರಿಗೂ ಇರಲಿಲ್ಲ.

ಸುಂಕದಕಟ್ಟೆಯ ಶೆಡ್ಡಿನಲ್ಲಿ ಮಂಜುನಾಥ್ ಎಂಬ ಮೆಕ್ಯಾನಿಕ್ ಹಳೇ ವ್ಯಾನನ್ನು ಮನೆ ಮಾಡಿಕೊಟ್ಟ. ನೆತ್ತಿಯ ಮೇಲೆ ಸೋಲಾರ್, ಮಂಚದಡಿ ದೊಡ್ಡ ಬ್ಯಾಟರಿ, ಪುಟ್ಟ ಫ್ರಿಜ್ಜು, ಇಂಡಕ್ಷನ್ ಒಲೆ, ಫೋನಿನಲ್ಲಿ ಒತ್ತಿದರೆ ತಿರುಗುವ ಫ್ಯಾನು. ಶ್ರೀಗಂಧದ ಕಾವಲ್‌ನಲ್ಲಿ ಪರಿಚಯದ ಪಾಪಮ್ಮನವರ ಖಾಲಿ ಸೈಟಿನಲ್ಲಿ ವ್ಯಾನು ನಿಂತಿತು. ಸೋಮಲಿಂಗಪ್ಪನವರು ಬೆಳಗ್ಗೆ ಎದ್ದು ಪಂಚಾಂಗ ನೋಡುವ ಹಾಗೆ ಫೋನಿನಲ್ಲಿ ಬ್ಯಾಟರಿ ಎಷ್ಟಿದೆ ಎಂದು ನೋಡತೊಡಗಿದರು.

ಆದರೆ ಬ್ಯಾಟರಿಗೂ ಒಂದು ಲೆಕ್ಕವಿದೆ. ಮೋಡ ಮುಚ್ಚಿದ ದಿನ ಅನ್ನ ಆಗುವಷ್ಟರಲ್ಲಿ ಅದು ಸುಸ್ತು. ಇಂಡಕ್ಷನ್ ಮೇಲೆ ಸಾರು ಕುದಿಯುವಾಗಲೇ ಮಿಕ್ಸಿ ಹಾಕಿದರೆ ಇಡೀ ವ್ಯಾನು ಕತ್ತಲೆ. ಇನ್ನು ಜೋಳದ ರೊಟ್ಟಿಯ ಕಥೆ ಕೇಳಬೇಡಿ. ಉರಿಯೇ ಇಲ್ಲದ ಒಲೆಯ ಮೇಲೆ ಅದು ಉಬ್ಬಲೇ ಇಲ್ಲ.

"ಇದೇನು ರೊಟ್ಟೀನಾ, ರಟ್ಟಾ?" ಎಂದರು ಸೋಮಲಿಂಗಪ್ಪ.

"ನಿಮ್ಮ ಫೋನಲ್ಲಿ ಒತ್ತಿ ಉಬ್ಬಿಸಿ" ಎಂದರು ಗಿರಿಜಾದೇವಿ.

ಹೀಗೆ ವ್ಯಾನಿಗೆ ಗ್ಯಾಸು ಬಂತು. ಮಂಜುನಾಥ್ ಕೆಲಸ ಬಲ್ಲವನು. ಸಣ್ಣ ಸಿಲಿಂಡರಿಗೆ ಹಿಂದುಗಡೆ ಹೊರಗಿನಿಂದ ತೆಗೆಯುವ ಪೆಟ್ಟಿಗೆ ಮಾಡಿದ. ಒಳಗೆ ಒಲೆಯ ಹತ್ತಿರ ನೆಲದಲ್ಲಿ ಎರಡು ತೂತು ಕೊರೆದು, "ಇದನ್ನ ಮುಚ್ಚಬೇಡಿ ಸಾರ್" ಎಂದು ಹೇಳಿಯೂ ಹೇಳಿದ. ಗ್ಯಾಸು ಸೋರಿದರೆ ಕಿರುಚುವ ಅಲಾರಂ ಒಂದನ್ನು ಸೋಮಲಿಂಗಪ್ಪನವರೇ ಆನ್‌ಲೈನಿನಲ್ಲಿ ತರಿಸಿ, ತಾವೇ ಸ್ಕ್ರೂ ಹಾಕಿ ಚಾವಣಿಗೆ ಕೂರಿಸಿದರು. ಕಾಗದದಲ್ಲಿ ಬರೆದಿದ್ದನ್ನು ಓದಲಿಲ್ಲ. ಓದಬೇಕಾದವರು ಬೇರೆಯವರು ಎಂಬುದು ಅವರ ನಂಬಿಕೆ.

ಪಾಪಮ್ಮನವರ ಸೊಸೆ ಚೈತ್ರಳಿಗೆ ಗ್ಯಾಸ್ ಏಜೆನ್ಸಿಯಲ್ಲಿ ಕೆಲಸ. ಮನೆಮನೆಗೆ ಹೋಗಿ ಪೈಪು, ರೆಗ್ಯುಲೇಟರು ನೋಡಿ ಬರುವುದು. ಶನಿವಾರ ಸಂಜೆ ವ್ಯಾನು ನೋಡಲು ಬಂದವಳು ಮೊದಲು ಚಾವಣಿ ನೋಡಿದಳು, ಆಮೇಲೆ ನೆಲ.

"ಅಂಕಲ್, ಅಲಾರಂ ಯಾಕೆ ಅಷ್ಟು ಮೇಲೆ ಹಾಕಿದೀರಾ?"

"ಹೊಗೆ ಎಲ್ಲಿಗಮ್ಮಾ ಹೋಗುತ್ತೆ? ಮೇಲಕ್ಕೆ. ಗ್ಯಾಸೂ ಅಷ್ಟೇ."

"ಇಲ್ಲ ಅಂಕಲ್. ಅಡುಗೆ ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ನೀರಿನ ಹಾಗೆ ಕೆಳಗೆ ಹರಿದು ನೆಲದಲ್ಲೇ ನಿಲ್ಲುತ್ತೆ. ಇದು ನೆಲದಿಂದ ಒಂದು ಗೇಣು ಮೇಲಿದ್ರೆ ಸಾಕು. ಮತ್ತೆ ಈ ತೂತಿಗೆ ಬಟ್ಟೆ ತುರುಕಿದ್ದು ಯಾರು?"

"ನಾನೇ. ಜಿರಳೆ ಬರುತ್ತೆ."

"ಜಿರಳೆಗೆ ಜಾಲರಿ ಹಾಕಿ. ಸೋರಿದ ಗ್ಯಾಸು ಆಚೆ ಹೋಗೋದು ಅಲ್ಲಿಂದಲೇ."

"ನೋಡಮ್ಮಾ, ನಾನು ಮೂವತ್ನಾಲ್ಕು ವರ್ಷ ಇಂಜಿನಿಯರ್ ಆಗಿದ್ದೋನು" ಎಂದು ಸೋಮಲಿಂಗಪ್ಪ ನಕ್ಕರು. "ಸೋಮವಾರ ದಾವಣಗೆರೆಗೆ ಹೊರಡ್ತೀವಿ, ಹೋಗಿ ಬಂದ್ಮೇಲೆ ನೋಡೋಣ."

ಚೈತ್ರ ಹೊರಡುವಾಗ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಗಿರಿಜಾದೇವಿಯವರ ಪಕ್ಕ ಕೂತಳು.

"ಆಂಟಿ, ನೀವಾದ್ರೂ ನೆನಪಿಟ್ಕೊಳಿ. ಗ್ಯಾಸ್ ವಾಸನೆ ಬಂತು ಅಂದ್ರೆ ಯಾವ ಸ್ವಿಚ್ಚೂ ಮುಟ್ಬೇಡಿ. ಹಾಕೋದೂ ಬೇಡ, ಆರಿಸೋದೂ ಬೇಡ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆಗೀರಿ, ದೂರ ಹೋಗಿ. ಫೋನ್ ಆಮೇಲೆ."

ಗಿರಿಜಾದೇವಿ ತಲೆಯಾಡಿಸಿದರು. ಹುಡುಗಿ ಹೇಳುವುದು ಸರಿ ಎಂದು ಅವರಿಗೆ ಅನ್ನಿಸಿತು. ಆದರೆ ಚಾವಣಿ ಅವರಿಗೆ ಎಟುಕುವುದಿಲ್ಲ, ಗಂಡನ ಜೊತೆ ಜಗಳಕ್ಕೆ ನಿಂತರೆ ರಾತ್ರಿಯ ಊಟ ಕೆಡುತ್ತದೆ. ಸುಮ್ಮನಾದರು. ಮುಂದೆ ಅದನ್ನು ನೆನೆದು ಅವರು ತಮ್ಮನ್ನೇ ಬೈದುಕೊಂಡರು.

ಭಾನುವಾರ ಬೆಳಗ್ಗೆ ಪೂಜೆ. ಯಾವ ಪೂಜೆ ಎಂಬುದೇ ದೊಡ್ಡ ಪ್ರಶ್ನೆಯಾಯಿತು.

"ವಾಸ ಮಾಡ್ತೀವಿ ಅಂದ್ಮೇಲೆ ಇದು ಮನೆ. ಹಾಲು ಉಕ್ಕಿಸ್ಬೇಕು" ಎಂದರು ಗಿರಿಜಾದೇವಿ.

"ಚಕ್ರ ಇದೆ ಅಂದ್ಮೇಲೆ ಇದು ಗಾಡಿ. ನಿಂಬೆಹಣ್ಣು ಇಟ್ಟು ಹತ್ತಿಸ್ಬೇಕು" ಎಂದರು ಸೋಮಲಿಂಗಪ್ಪ.

"ಎರಡೂ ಮಾಡಿ, ಯಾರು ಬೇಡ ಅಂದ್ರು?" ಎಂದು ಪಾಪಮ್ಮ ತೀರ್ಪು ಕೊಟ್ಟರು.

ಮೊದಲು ಹಾಲು. ಗಾಳಿಗೆ ಉರಿ ಓಲಾಡುತ್ತಿತ್ತು, ಕಿಟಕಿ ಎಲ್ಲಾ ಮುಚ್ಚಿದರು. ಒಲೆ ದೊಡ್ಡದು ಮಾಡಿ ಪಾತ್ರೆ ಇಟ್ಟರು. ಹಾಲು ಪೂರ್ವಕ್ಕೆ ಉಕ್ಕಿ ಒಲೆಯ ಮೇಲೆಲ್ಲಾ ಸುರಿಯಿತು. ಚುರ್ ಎಂದು ಸದ್ದಾಯಿತು. ಎಲ್ಲರಿಗೂ ಸಂತೋಷ. ಗಿರಿಜಾದೇವಿ ಒಲೆ ಆರಿಸಲು ಕೈ ಚಾಚಿದರು.

"ಅಯ್ಯೋ, ಉಕ್ಕಿದ ಒಲೇನ ಆರಿಸ್ತಾರೇನಮ್ಮಾ! ಉರೀಲಿ ಬಿಡು. ಗಾಡಿ ಪೂಜೆ ಮುಗಿಸಿ ಬಂದು ಅದೇ ಉರೀಲಿ ಪಾಯಸ ಮಾಡ್ಬೇಕು" ಎಂದರು ಪಾಪಮ್ಮ.

ಕೈ ಹಿಂದಕ್ಕೆ ಬಂತು. ಪಾತ್ರೆಯಡಿ ಉರಿ ಇದೆಯೇ ಎಂದು ಯಾರೂ ಬಗ್ಗಿ ನೋಡಲಿಲ್ಲ. ಉಕ್ಕಿದ ಹಾಲು ಉರಿಯನ್ನು ಆಗಲೇ ಆರಿಸಿತ್ತು. ಗ್ಯಾಸು ಮಾತ್ರ ನಿಂತಿರಲಿಲ್ಲ.

ಎಲ್ಲರೂ ಕೆಳಗಿಳಿದರು. ಸೊಳ್ಳೆ ಬರುತ್ತದೆ ಎಂದು ಸೋಮಲಿಂಗಪ್ಪ ಬಾಗಿಲು ಎಳೆದರು. ಹೊರಗೆ ನೋಡಿದರೆ ಚಕ್ರ ನಾಲ್ಕು, ನಿಂಬೆಹಣ್ಣು ಮೂರು. ತಂದವರು ಯಾರು, ಎಣಿಸಬೇಕಾದವರು ಯಾರು ಎಂದು ಗಂಡ ಹೆಂಡತಿ ಸ್ವಲ್ಪ ಹೊತ್ತು ಮಾತಾಡಿಕೊಂಡರು. ಪಾಪಮ್ಮ ನಾಲ್ಕನೆಯದನ್ನು ತರಲು ಮನೆಗೆ ಹೋದರು. ದಾರಿಯಲ್ಲಿ ಯಾರೋ ಸಿಕ್ಕರು, ಮಾತಿಗೆ ನಿಂತರು. ಅವರು ಹಣ್ಣು ಹಿಡಿದು ಬರುವಷ್ಟರಲ್ಲಿ ಅರ್ಧ ಗಂಟೆ. ಅರ್ಧ ಗಂಟೆಯೂ ಮುಚ್ಚಿದ ವ್ಯಾನಿನ ನೆಲದ ಮೇಲೆ ಗ್ಯಾಸು ತುಂಬುತ್ತಿತ್ತು. ಚಾವಣಿಯ ಅಲಾರಂ ಏನೂ ತಿಳಿಯದೆ ಹಸಿರು ದೀಪ ಬೆಳಗಿಕೊಂಡು ಕೂತಿತ್ತು.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟಾಯಿತು. ಸೋಮಲಿಂಗಪ್ಪ ಮುಂದಿನ ಬಾಗಿಲು ತೆಗೆದು ಡ್ರೈವರ್ ಸೀಟಿಗೆ ಹತ್ತಿದರು. ಸೀಟಿಗೂ ಒಲೆಗೂ ನಡುವೆ ಇದ್ದದ್ದು ಒಂದು ಪರದೆ. ಕೀಲಿ ಸಿಕ್ಕಿಸಿದರು.

ಬರಿಗಾಲಲ್ಲಿ ಪೂಜೆ ಮುಗಿಸಿದ ಗಿರಿಜಾದೇವಿ ಪಕ್ಕದ ಬಾಗಿಲ ಕೆಳಗೆ ಬಿಟ್ಟಿದ್ದ ಚಪ್ಪಲಿ ತೆಗೆಯಲು ಬಗ್ಗಿದರು. ಬಾಗಿಲ ಸಂದಿಯಿಂದ ವಾಸನೆ ಮುಖಕ್ಕೆ ಹೊಡೆಯಿತು. ಎದ್ದು ನಿಂತರೆ ಏನೂ ಇಲ್ಲ. ಮತ್ತೆ ಬಗ್ಗಿದರೆ ಅದೇ ವಾಸನೆ.

"ರೀ, ಬೇಡ!" ಎಂದು ಕೂಗಿದರು.

"ತಡಿಯೇ, ಮುಹೂರ್ತ ಮೀರುತ್ತೆ" ಎಂಬ ಉತ್ತರ ಒಳಗಿನಿಂದ ಬಂತು. "ರೀ" ಎಂಬ ಕರೆಯನ್ನು ಅವರು ಮೂವತ್ತೆಂಟು ವರ್ಷದಿಂದ ಹೀಗೇ ತಳ್ಳಿಹಾಕಿದವರು.

"ಸೋಮಲಿಂಗಪ್ಪಾ!"

ಗಂಡನ ಹೆಸರು ಗಿರಿಜಾದೇವಿಯವರ ಬಾಯಿಂದ ಹೊರಟದ್ದು ಅದೇ ಮೊದಲು. ಪಾಪಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಸೋಮಲಿಂಗಪ್ಪನವರ ಕೈ ಕೀಲಿಯ ಮೇಲೇ ನಿಂತಿತು. ಅಪಾಯ ತಿಳಿದು ನಿಂತದ್ದಲ್ಲ, ಆಶ್ಚರ್ಯಕ್ಕೆ ನಿಂತದ್ದು. ನಿಂತಿತಲ್ಲ, ಸಾಕು.

"ಗ್ಯಾಸ್ ಸೋರಿದೆ! ಕೀಲಿ ತಿರುಗಿಸ್ಬೇಡಿ. ಹಾಗೇ ಇಳೀರಿ!"

ಅವರು ಇಳಿದು ಬಂದು ಮೂಗು ಮೇಲೆತ್ತಿ ನೋಡಿದರು. "ನನಗೇನೂ ವಾಸನೆ ಇಲ್ಲ. ಇರು, ಫೋನಲ್ಲೇ ಫ್ಯಾನ್ ಹಾಕ್ತೀನಿ, ಎಳ್ಕೊಂಡ್ ಹೋಗುತ್ತೆ."

ಗಿರಿಜಾದೇವಿ ಫೋನು ಕಿತ್ತುಕೊಂಡರು. ಹಿಂದಕ್ಕೆ ಓಡಿ, ಹೊರಗಿನ ಪೆಟ್ಟಿಗೆ ತೆಗೆದು ಸಿಲಿಂಡರ್ ಬಂದ್ ಮಾಡಿದರು. ಒಳಗೆ ಕಾಲಿಡದೆ ಹೊರಗಿನಿಂದಲೇ ಬಾಗಿಲುಗಳನ್ನು ಪೂರ್ತಿ ತೆಗೆದರು. ಗಂಡನನ್ನೂ ಪಾಪಮ್ಮನನ್ನೂ ಸೈಟಿನ ಆಚೆ ರಸ್ತೆಗೆ ಎಳೆದುಕೊಂಡು ಹೋದರು. ಅಲ್ಲಿ ನಿಂತು ಚೈತ್ರಳಿಗೆ ಫೋನು ಮಾಡಿದರು. ಆಗ ಅಳು ಬಂತು.

ಚೈತ್ರ ಬಂದು, ಗಾಳಿ ಆಡಲು ಬಿಟ್ಟು, ಬಹಳ ಹೊತ್ತಾದ ಮೇಲೆ ಒಳಗೆ ಹೋದಳು. ಒಲೆಯ ನಾಬ್ ಪೂರ್ತಿ ತೆರೆದೇ ಇತ್ತು. ಬರ್ನರ್ ಮೇಲೆ ಹಾಲು ಕೆನೆಗಟ್ಟಿತ್ತು.

"ಫ್ರಿಜ್ಜು ಅದೇ ಹೊತ್ತಿಗೆ ಆನ್ ಆಗಿದ್ರೂ ಒಂದು ಕಿಡಿ ಸಾಕಿತ್ತು. ಸ್ಟಾರ್ಟ್ ಮಾಡಿದ್ರಂತೂ..." ಎಂದು ನಿಲ್ಲಿಸಿದಳು.

ಪಾಪಮ್ಮ ತಲೆ ತಗ್ಗಿಸಿದರು. "ಆರಿಸ್ಬೇಡ ಅಂದೋಳು ನಾನೇ ಕಣಮ್ಮಾ."

"ಹಾಲು ಉಕ್ಕಿಸೋದು ತಪ್ಪಲ್ಲ ಅತ್ತೆ. ಉಕ್ಕಿದ ತಕ್ಷಣ ಒಲೆ ಬಂದ್ ಮಾಡಿ, ಒರೆಸಿ, ಮತ್ತೆ ಹಚ್ಚಿ ಪಾಯಸ ಮಾಡಿ. ದೇವರು ಬೇಡ ಅನ್ನಲ್ಲ. ಉರಿ ಆರಿದ್ರೆ ಗ್ಯಾಸನ್ನ ತಾನೇ ನಿಲ್ಲಿಸೋ ಒಲೆನೂ ಬಂದಿದೆ, ವ್ಯಾನಿಗೆ ಅದೇ ಹಾಕ್ಸಿ. ಅನ್ನ, ಸಾರಿಗೆ ಇಂಡಕ್ಷನ್ ಇಟ್ಕೊಳಿ, ಆಗ ಮಿಕ್ಸಿ ಬೇಡ. ರೊಟ್ಟಿಗೆ ಗ್ಯಾಸು, ಕಿಟಕಿ ತೆಗೆದು."

ಸೋಮಲಿಂಗಪ್ಪ ಇಷ್ಟು ಹೊತ್ತೂ ಕಲ್ಲಿನ ಮೇಲೆ ಕೂತಿದ್ದರು. ಪಾಪಮ್ಮ ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟರು.

"ನನಗೆ ಯಾಕೆ ವಾಸನೆ ಬರ್ಲಿಲ್ಲ ಚೈತ್ರಾ?" ಎಂದು ಮೆಲ್ಲಗೆ ಕೇಳಿದರು.

"ನೀವು ನಿಂತ್ಕೊಂಡು ನೋಡಿದ್ರಿ ಅಂಕಲ್. ಅದು ಕೆಳಗಿತ್ತು."

ಅವರು ಎದ್ದರು. ಚಾವಣಿಯ ಅಲಾರಂ ಅನ್ನು ತಾವೇ ಬಿಚ್ಚಿದರು. ಮಂತ್ರಿಗಳ ಎದುರಿಗೂ ಬೆನ್ನು ಬಗ್ಗಿಸದ ಮನುಷ್ಯ ಪಂಚೆ ಎತ್ತಿಕಟ್ಟಿ, ವ್ಯಾನಿನ ನೆಲದ ಮೇಲೆ ಮಂಡಿಯೂರಿ, ತೂತಿನ ಬಟ್ಟೆ ಕಿತ್ತು ಎಸೆದರು. ಗೋಡೆಯ ಬುಡದಲ್ಲಿ ಗೇಣು ಹಾಕಿ ಅಳೆದರು.

"ಇಲ್ಲೇನಮ್ಮಾ? ಸರಿಯಾಗಿ ಹೇಳು. ಈ ಸಲ ನೀನು ಹೇಳಿದ ಹಾಗೆ."

ಗಿರಿಜಾದೇವಿ ಸ್ಕ್ರೂ ಒಂದೊಂದಾಗಿ ಅವರ ಕೈಗೆ ಕೊಟ್ಟರು.

ವ್ಯಾನು ಸೋಮವಾರದ ಬದಲು ಗುರುವಾರ ಹೊರಟಿತು, ಹೊಸ ಒಲೆ ಹಾಕಿಸಿಕೊಂಡು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮದು ವ್ಯಾನೇ ಆಗಬೇಕಿಲ್ಲ. ಗಾಡಿ ಮೇಲೆ ತಿಂಡಿ ಮಾಡುವವರು, ಲಾರಿಯಲ್ಲಿ ಅಡುಗೆ ಮಾಡಿಕೊಳ್ಳುವವರು, ಒಂದೇ ಕೋಣೆಯಲ್ಲಿ ಒಲೆಯೂ ಹಾಸಿಗೆಯೂ ಇರುವವರು, ಎಲ್ಲರಿಗೂ ಇದೇ ಮಾತು. ಗ್ಯಾಸು ಕೆಳಗೆ ಕೂರುತ್ತದೆ, ಅಲಾರಂ ಕೆಳಗಿರಲಿ, ಗಾಳಿಗೆ ಕೆಳಗೊಂದು ದಾರಿ ಇರಲಿ. ಕಿಟಕಿ ಮುಚ್ಚಿ ಅಡುಗೆ ಮಾಡಬೇಡಿ. ಚಳಿ ಕಾಯಿಸಲು ಒಲೆ ಹಚ್ಚಿಕೊಂಡು ಮಲಗಬೇಡಿ, ಉರಿಯುವ ಒಲೆಯಿಂದ ಹೊರಡುವ ವಿಷಗಾಳಿಗೆ ವಾಸನೆಯೂ ಇರುವುದಿಲ್ಲ. ವಾಸನೆ ಬಂದರೆ ಸ್ವಿಚ್ಚು ಮುಟ್ಟದೆ, ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆಗೆದು ಹೊರಗೆ ಬನ್ನಿ. ದೂರ ನಿಂತು 1906ಕ್ಕೆ ಫೋನು ಮಾಡಿ, ಹಗಲು ರಾತ್ರಿ ಯಾವಾಗಲಾದರೂ ಸರಿ.

ಮತ್ತೆ, ಮನೆಯಲ್ಲಿ ಯಾರಾದರೂ "ಬೇಡ, ನಿಲ್ಲಿ" ಎಂದರೆ ನಿಲ್ಲಿ. ಯಾಕೆ ಎಂದು ಆಮೇಲೆ ಕೇಳಬಹುದು. ಕೇಳಲು ಇಬ್ಬರೂ ಇರಬೇಕಷ್ಟೆ.